ಸಹಾಯ ಬೇಕು: ಅಕ್ಕನ ಫೈಬ್ರೊಮಯಾಲ್ಜಿಯ ನೋವಿಗೆ ಮಾತ್ರೆಯೋ, ವ್ಯಾಯಾಮವೋ?

ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ 46 ವರ್ಷ. ಮೂರು ವರ್ಷದಿಂದ ಮೈಯೆಲ್ಲಾ ನೋವು, ನಿದ್ದೆ ಮಾಡಿದರೂ ಸುಸ್ತು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. "ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಅಂತ ಮನೆಯವರೇ ಅಂದಿದ್ದೂ ಆಯಿತು. ಕೊನೆಗೆ ಫೈಬ್ರೊಮಯಾಲ್ಜಿಯ ಅಂತ ಗೊತ್ತಾಯಿತು.

ಪ್ರಿಗ್ಯಾಬಲಿನ್ (ನರದ ನೋವಿಗೆ ಕೊಡುವ ಮಾತ್ರೆ) ಶುರು ಮಾಡಿದ ಮೇಲೆ ನಿದ್ದೆ ಪರವಾಗಿಲ್ಲ. ಆದರೆ ತಲೆಸುತ್ತು, ತೂಕವೂ ಜಾಸ್ತಿ. ಡುಲಾಕ್ಸೆಟಿನ್‌ಗೆ (ಖಿನ್ನತೆಗೂ ನೋವಿಗೂ ಕೊಡುವ ಮಾತ್ರೆ) ಬದಲಿಸೋಣ ಎನ್ನುತ್ತಾರೆ ಡಾಕ್ಟರು. ಆದರೆ ಈ ಕಾಯಿಲೆಯ ಚಿಕಿತ್ಸೆಗೆ ಇರುವ 2016ರ ಯುರೋಪಿನ ಮಾರ್ಗಸೂಚಿಯಲ್ಲಿ ಎಲ್ಲಕ್ಕಿಂತ ಬಲವಾಗಿ ಹೇಳಿರುವುದು ವ್ಯಾಯಾಮವನ್ನೇ. ಇವಳೋ, ಒಂದು ದಿನ ಅರ್ಧ ಗಂಟೆ ನಡೆದರೆ ಎರಡು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ!

ಈ ಎರಡೂ ಮಾತ್ರೆ ತೆಗೆದುಕೊಂಡ ಅಕ್ಕ-ತಂಗಿಯರು ಇದ್ದೀರಾ? ಯಾವುದು ಒಗ್ಗಿತು? ನಡಿಗೆ ಎಷ್ಟು ನಿಮಿಷದಿಂದ ಶುರು ಮಾಡಿದಿರಿ? ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸುವುದಿಲ್ಲ, ಬೈಯಬೇಡಿ. ನೋವಿನ ಎಣ್ಣೆ ಮಾರುವವರು ಮಾತ್ರ ದಯವಿಟ್ಟು ಇನ್‌ಬಾಕ್ಸ್‌ಗೆ ಬರಬೇಡಿ.