ಹಸಿರು ಪೇಂಟ್ ಬಳಿದ ಹಳೇ ಲೆಕ್ಕದ ಡೆಸ್ಕು: ಬೀಟೆಯೋ, ತೇಗವೋ? ಪಾಲಿಶ್ ಹೇಗೆ?

ಗುತ್ತಲು ರಸ್ತೆಯವಳು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲೇ ಒಂದು ಗುಜರಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಡೆಸ್ಕು ಸಿಕ್ಕಿತು. ನೆಲದ ಮೇಲೆ ಕೂತು ಬರೆಯುತ್ತಿದ್ದರಲ್ಲ, ಅಂಥದ್ದು. ಇಳಿಜಾರು ಮುಚ್ಚಳ, ಒಳಗೆ ಮೂರು ಖಾನೆ, ಹಿತ್ತಾಳೆ ಕೀಲು. 1,800 ರೂಪಾಯಿ ಕೊಟ್ಟೆ. ಯಾವುದೋ ಬೆಲ್ಲದ ಮಂಡಿಯಿಂದ ಬಂದದ್ದಂತೆ. ನಮ್ಮ ತಾತನೂ ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಡೆಸ್ಕು ಮನೆ ಪಾಲಾದಾಗ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಇದನ್ನು ಬಿಟ್ಟು ಬರಲು ಮನಸ್ಸು ಬರಲಿಲ್ಲ.

ಮೇಲೆಲ್ಲ ದಪ್ಪಗೆ ಹಸಿರು ಎನಾಮಲ್ ಬಳಿದಿದ್ದಾರೆ. ಚಕ್ಕೆ ಎದ್ದ ಕಡೆ ಕಪ್ಪುಗಂದು ಮರ ಕಾಣುತ್ತದೆ. ಮುಚ್ಚಳದ ಬಲಗಡೆ, ಬರೆಯುವವರ ಮೊಣಕೈ ಊರುವ ಜಾಗ ಅಂಗೈ ಅಗಲಕ್ಕೆ ಸವೆದು ತಗ್ಗಾಗಿದೆ. ಕಣ್ಣಿಗೆ ಕಾಣುವುದಿಲ್ಲ, ಕೈ ಆಡಿಸಿದರೆ ಗೊತ್ತಾಗುತ್ತದೆ. ನಮ್ಮ ಬೀದಿಯ ಆಚಾರ್ರು ಮಿಷನ್ ಹೊಡೆದು ಮಟ್ಟ ಮಾಡಿ ಹೊಸದರ ಹಾಗೆ ಕೊಡುತ್ತೇನೆ ಅನ್ನುತ್ತಾರೆ. ನನಗೆ ಆ ತಗ್ಗು ಹೋಗಬಾರದು. ಮನೆಯಲ್ಲೇ ನಾನೇ ಮಾಡಬಹುದಾ? ಇದು ಯಾವ ಮರ?

ಅಗ್ರಹಾರದ ಹಳೇಮರ, ಮೈಸೂರು

ಮಾಡಬಹುದು ತಾಯಿ, ಖಂಡಿತ. ಮಿಷನ್ ಮಾತ್ರ ಬೇಡ. ಆ ತಗ್ಗು ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಹಳೇ ಎನಾಮಲ್‌ನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಿನ ಮಿತಿ ಬಂದದ್ದೇ 2017ರಲ್ಲಿ. ಒಣ ಬಣ್ಣವನ್ನು ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ. ಮಕ್ಕಳಿರುವ ಮನೆಯಾದರೆ ಇನ್ನೂ ಅಪಾಯ. ಬೆಂಕಿ ಕಾಯಿಸಿ ಕೀಳುವುದೂ ಬೇಡ, ಹೊಗೆ ಕೆಟ್ಟದ್ದು. ಪೇಂಟ್ ರಿಮೂವರ್ ತನ್ನಿ. ಅಂಗಳದಲ್ಲಿ, ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡು ಬಳಿಯಿರಿ. ಬಣ್ಣ ಗುಳ್ಳೆ ಎದ್ದು ಸುಕ್ಕಾದ ಮೇಲೆ ಮೊಂಡು ಪಟ್ಟಿಯಿಂದ ಮರದ ಎಳೆಯ ದಿಕ್ಕಿನಲ್ಲೇ ನಿಧಾನಕ್ಕೆ ಎತ್ತಿ. ಎರಡು ಮೂರು ಸಲ ಬೇಕಾಗುತ್ತದೆ. ಕೆರೆದದ್ದನ್ನು ಹಳೇ ಪೇಪರ್‌ನಲ್ಲಿ ಸುತ್ತಿ ಬೇರೆ ಇಡಿ, ಗಿಡದ ಬುಡಕ್ಕೆ ಹಾಕಬೇಡಿ.

ಮರ ಯಾವುದು ಅಂತ ತಿಳಿಯಲು, ಬಣ್ಣ ಪೂರ್ತಿ ಹೋದ ಕಡೆ ಬಿಳಿ ಬಟ್ಟೆಗೆ ಪಾಲಿಶ್ ಸ್ಪಿರಿಟ್ ಅದ್ದಿ ಒರೆಸಿ. ಬಟ್ಟೆಗೆ ನೇರಳೆ ಕೆಂಪು ಹತ್ತಿದರೆ ಹೆಚ್ಚಾಗಿ ಬೀಟೆಯೇ. ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ತೂಕದಲ್ಲೂ ಅದು ತೇಗಕ್ಕಿಂತ ಜಾಸ್ತಿ.

ಶ್ರೀರಂಗಪಟ್ಟಣದ ಸೊಸೆ

ಅಕ್ಕ, ಮೊದಲು ಕುಟ್ಟೆ ಹಿಡಿದಿದೆಯಾ ನೋಡಿ. ಡೆಸ್ಕಿನ ಕೆಳಗೆ ಬಿಳಿ ಕಾಗದ ಹಾಸಿ ಎರಡು ದಿನ ಬಿಡಿ. ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಹುಳ ಇನ್ನೂ ಇದೆ ಅಂತ. ನಾನು ನೋಡದೆ ಹಳೇ ಸ್ಟೂಲ್ ಒಂದನ್ನು ತಂದು ದೇವರಮನೆ ಬಾಗಿಲಿಗೂ ಅಂಟಿಸಿಕೊಂಡೆ. ಹಿತ್ತಾಳೆ ಕೀಲಿಗೆ ಹುಣಸೇಹಣ್ಣು ಸಾಕು, ಆದರೆ ಬಿಚ್ಚಿಕೊಂಡು ತೊಳೆಯಿರಿ.

ಗುತ್ತಲು ರಸ್ತೆಯವಳು

ಪುಡಿ ಉದುರಲಿಲ್ಲ, ಸದ್ಯ! ನಾಲ್ಕು ಭಾನುವಾರ ಹಿಡಿದು ಬಣ್ಣ ತೆಗೆದೆ. ಬಟ್ಟೆಗೆ ನೇರಳೆ ಹತ್ತಿತು. ಬೀಟೆ! ಮುಚ್ಚಳದ ಒಳಗಡೆ, ಬಣ್ಣ ಬಳಿಯದ ಮೂಲೆಯಲ್ಲಿ, ಪೆನ್ಸಿಲ್‌ನಲ್ಲಿ ಕನ್ನಡ ಅಂಕಿಯ ಲೆಕ್ಕ ಇದೆ. ೧೪ ಮಣ, ೬ ಸೇರು, ಕೆಳಗೆ ಗೀಟೆಳೆದು ಕೂಡಿಸಿದ್ದಾರೆ. ಒಂದು ಕಡೆ ಅಳಿಸಿ ಮತ್ತೆ ಬರೆದಿದ್ದಾರೆ. ಎಷ್ಟು ಹೊತ್ತು ನೋಡುತ್ತಾ ಕೂತೆನೋ. ಮುಚ್ಚಳದ ಮೇಲೆ ಶಾಯಿ ಕಲೆಯೂ ಇದೆ. ಅದನ್ನು ತೆಗೆಯಬೇಕಾ?

ಅಗ್ರಹಾರದ ಹಳೇಮರ, ಮೈಸೂರು

ಕಲೆ ಇರಲಿ ತಾಯಿ. ಅದನ್ನು ತೆಗೆಯುವ ಆಮ್ಲ ಇದೆ, ಆದರೆ ಸುತ್ತಲ ಮರವೂ ಬಿಳಚಿಕೊಳ್ಳುತ್ತದೆ. ಪೆನ್ಸಿಲ್ ಇರುವ ಕಡೆ ಏನೂ ತಾಗಿಸಬೇಡಿ, ಪಾಲಿಶ್ ಕೂಡ. ಮಣ ಸೇರು ಹೋಗಿ ಕಿಲೋ ಕಡ್ಡಾಯ ಆದದ್ದು 1962ರಲ್ಲಿ. ಡೆಸ್ಕಿನ ವಯಸ್ಸು ನೀವೇ ಲೆಕ್ಕ ಹಾಕಿ.

ಇನ್ನು 180, ಆಮೇಲೆ 240 ನಂಬರ್ ಉಪ್ಪುಕಾಗದ, ಕೈಯಲ್ಲೇ, ಎಳೆಯುದ್ದಕ್ಕೆ. ತಗ್ಗಿರುವ ಕಡೆ ಮರದ ತುಂಡಿಗೆ ಸುತ್ತದೆ ಬೆರಳಿನಲ್ಲೇ ಉಜ್ಜಿ. ಮಾಸ್ಕ್ ಮರೆಯಬೇಡಿ, ಬೀಟೆ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ.

ಪಾಲಿಶ್‌ಗೆ ಅರಗೇ ಸರಿ. ನಮ್ಮೂರಿಗೆ ಅರಗು ಹೊಸದಲ್ಲ. ಚುನಾವಣೆ ಶಾಯಿ ಮಾಡುವ ನಮ್ಮ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಅರ್ಧ ಲೀಟರ್ ಸ್ಪಿರಿಟ್‌ಗೆ 80 ಗ್ರಾಂ ಅರಗಿನ ಚಕ್ಕೆ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಹತ್ತಿ ಉಂಡೆಯನ್ನು ಹಳೇ ಪಂಚೆ ತುಂಡಲ್ಲಿ ಸುತ್ತಿ, ಅದರಿಂದ ತೆಳ್ಳಗೆ ಒರೆಸುತ್ತಾ ಹೋಗಿ. ಕೈ ನಡುವೆ ನಿಲ್ಲಬಾರದು, ನಿಂತರೆ ಅಲ್ಲೇ ಅಂಟಿ ಗುರುತು ಬೀಳುತ್ತದೆ. ಮಳೆ ದಿನ ಬೇಡ, ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದೆ. ಹತ್ತಿರ ಒಲೆ, ದೀಪ ಇರಬಾರದು. ಮುಗಿದ ಮೇಲೆ ಬಿಸಿ ಕಾಫಿ ಲೋಟ ಮಾತ್ರ ಅದರ ಮೇಲೆ ಇಡಬೇಡಿ.

ಗುತ್ತಲು ರಸ್ತೆಯವಳು

ಅಣ್ಣ, ಎಂಟು ಕೈ ಆಯಿತು. ಬೆಳಿಗ್ಗೆ ಬಿಸಿಲು ಬಿದ್ದಾಗ ಕಪ್ಪು ಎಳೆಗಳ ನಡುವೆ ಕೆಂಪು ಕಾಣುತ್ತದೆ. ಅಮ್ಮ ನಿನ್ನೆ ಅದರ ಮುಂದೆ ಕೂತು, ಯಾರೂ ಹೇಳದೆ, ಬಲ ಮೊಣಕೈಯನ್ನು ಸರಿಯಾಗಿ ಆ ತಗ್ಗಿನಲ್ಲೇ ಊರಿದರು. ಹಾಲಿನ ಲೆಕ್ಕ ಈಗ ಅಲ್ಲೇ ಬರೆಯುತ್ತಿದ್ದಾರೆ.