ಗೃಹಪ್ರವೇಶಕ್ಕೆ ಬಂದ ಆರ್ಕಿಡ್ ಬಾಡ್ತಿದೆ, ಬೆಳೆಸಿದವರು ಹೇಳಿ

ಗೃಹಪ್ರವೇಶಕ್ಕೆ ನಮ್ಮೆಜಮಾನ್ರ ಆಫೀಸಿನವರು ಬಿಳಿ ಆರ್ಕಿಡ್ ಕುಂಡ ಕೊಟ್ಟಿದ್ರು. ಎರಡು ತಿಂಗಳು ಹೂ ಹಾಗೇ ಇತ್ತು, ಬಂದವರೆಲ್ಲ ಪ್ಲಾಸ್ಟಿಕ್ಕಾ ಅಂತ ಮುಟ್ಟಿ ನೋಡೋರು. ಈಗ ಹೂವೆಲ್ಲ ಉದುರಿ, ಎಲೆ ಸುಕ್ಕುಗಟ್ಟಿ ಜೋತುಬಿದ್ದಿದೆ. ನೀರು ಸಾಲಲಿಲ್ಲವೇನೋ ಅಂತ ದಿನಾ ಹಾಕ್ತಿದೀನಿ, ಇನ್ನೂ ಬಾಡ್ತಿದೆ. ತುಳಸಿ, ದಾಸವಾಳ, ಮನಿಪ್ಲಾಂಟ್ ಬಿಟ್ಟರೆ ನನಗೆ ಬೇರೇನೂ ಬೆಳೆಸಿ ಗೊತ್ತಿಲ್ಲ. ಮನೆ ಬೆಂಗಳೂರು, ಎರಡನೇ ಮಹಡಿ, ಬಾಲ್ಕನಿ ಪೂರ್ವಕ್ಕಿದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಬೆಂಗಳೂರು, ಬಾಲ್ಕನಿಯಲ್ಲಿ ಹದಿನಾಲ್ಕು ಕುಂಡ:

ಮೇಡಂ, ಮೊದಲು ನೀರು ನಿಲ್ಲಿಸಿ. ನೀವು ಹೇಳಿದ್ದು ನೋಡಿದರೆ ಅದು ಫಲನಾಪ್ಸಿಸ್ ಅನ್ನೋ ಜಾತಿಯ ಆರ್ಕಿಡ್, ಉಡುಗೊರೆ ಅಂಗಡಿಗಳಲ್ಲಿ ಸಿಗೋದು ಹೆಚ್ಚಾಗಿ ಅದೇ. ನನ್ನ ಮೊದಲ ಎರಡು ಗಿಡ ಹೋಗಿದ್ದೂ ಹೀಗೇ. ಬಾಯಾರಿದರೂ ಎಲೆ ಸುಕ್ಕಾಗತ್ತೆ, ಬೇರು ಕೊಳೆತರೂ ಸುಕ್ಕಾಗತ್ತೆ. ಕೊಳೆತ ಬೇರಿಗೆ ನೀರು ಕುಡಿಯೋ ಶಕ್ತಿ ಇರಲ್ಲ, ನಾವು ಬಾಡಿತು ಅಂತ ಇನ್ನಷ್ಟು ಸುರೀತೀವಿ.

ಇವತ್ತೇ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಬೇರಿನ ಸುತ್ತ ಪಾಚಿ ಸುತ್ತಿರತ್ತೆ, ಸ್ಫ್ಯಾಗ್ನಮ್ ಮಾಸ್ ಅಂತಾರೆ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಕಾಣತ್ತೆ, ಒಳಗೆ ಬುಡದ ಹತ್ತಿರ ಮುಷ್ಟಿಯಷ್ಟು ಪಾಚಿ ಬಿಗಿಯಾಗಿ ತುರುಕಿರ್ತಾರೆ. ಹಿಂಡಿ ನೋಡಿ, ಚರಂಡಿ ವಾಸನೆಯ ನೀರು ಬರಬಹುದು. ಅದನ್ನೆಲ್ಲ ಬಿಡಿಸಿ ಬೇರನ್ನು ನಲ್ಲಿ ಕೆಳಗೆ ತೊಳೆದು ಒಂದೊಂದಾಗಿ ಬೆರಳಲ್ಲಿ ಒತ್ತಿ. ಬದುಕಿರೋ ಬೇರು ಹುರುಳಿಕಾಯಿ ಹಾಗೆ ಗಟ್ಟಿ ಇರತ್ತೆ. ಸತ್ತಿದ್ದು ಮೆತ್ತಗೆ, ಕಂದು ಬಣ್ಣ. ಎಳೆದರೆ ಸಿಪ್ಪೆ ಜಾರಿ ಕೈಗೆ ಬಂದು ನಡುವೆ ದಾರದಂಥ ಎಳೆ ಮಾತ್ರ ಉಳಿಯತ್ತೆ. ಅಂಥವನ್ನೆಲ್ಲ ಕತ್ತರಿಸಿ. ಕತ್ತರಿಯನ್ನು ಗ್ಯಾಸ್ ಉರಿಗೆ ಹಿಡಿದು ಆರಿಸಿಕೊಳ್ಳಿ. ಕತ್ತರಿಸಿದ ತುದಿಗೆ ಅಡುಗೆಮನೆಯ ಚಕ್ಕೆ ಪುಡಿ ಸ್ವಲ್ಪ ಸವರಿದರೆ ಸಾಕು. ಒಳ್ಳೇ ಬೇರಿಗೆ ತಾಗಿಸಬೇಡಿ, ಒಣಗಿಸಿಬಿಡತ್ತೆ. ರಾತ್ರಿಯೆಲ್ಲ ಪೇಪರ್ ಮೇಲೆ ಬಿಟ್ಟು ಮಾರನೇ ದಿನ ನೆಡಿ.

ನೆಡೋಕೆ ಮಣ್ಣು ಮಾತ್ರ ಬೇಡ. ಇದು ಮರದ ಮೇಲೆ ಬೇರು ಗಾಳಿಗೆ ಬಿಟ್ಟು ಬದುಕೋ ಗಿಡ. ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ತುಂಡು ಸಾಕು. ಸಿಪ್ಪೆಯನ್ನು ಮೂರು ದಿನ ನೆನೆಸಿ, ಕಂದು ನೀರು ಚೆಲ್ಲಿ ಚೆಲ್ಲಿ ತೊಳೆದುಕೊಳ್ಳಿ. ಕುಂಡ ತೂತಿರೋ ಪಾರದರ್ಶಕ ಪ್ಲಾಸ್ಟಿಕ್ ಆಗಿದ್ದರೆ ಬೇರು ಕಾಣತ್ತೆ. ನೀರು ಯಾವಾಗ ಅಂತ ಬೇರೇ ಹೇಳತ್ತೆ. ಮೇಲಿನ ಸ್ಪಂಜಿನಂಥ ಪದರ ಒಣಗಿದಾಗ ಬೆಳ್ಳಿ ಬಣ್ಣ, ನೀರು ಹೀರಿದ ತಕ್ಷಣ ಹಸಿರು. ಬೆಳ್ಳಿ ಆದಮೇಲೆ ಹಾಕಿ. ನನ್ನ ಮನೆಯಲ್ಲಿ ಬೇಸಿಗೆಗೆ ನಾಲ್ಕೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಹತ್ತು ದಿನ ಆದರೂ ಮುಟ್ಟಲ್ಲ. ಬೋರ್‌ವೆಲ್ ನೀರು ಬೇರಿನ ಮೇಲೆ ಬಿಳಿ ಉಪ್ಪು ಬಿಡತ್ತೆ, ಮಳೆ ನೀರು ಬಕೆಟ್ಟಲ್ಲಿ ಹಿಡಿದಿಟ್ಟರೆ ಒಳ್ಳೇದು. ಪೂರ್ವದ ಬಾಲ್ಕನಿ ಅಂದ್ರಲ್ಲ, ಎಂಟು ಗಂಟೆ ತನಕದ ಎಳೆಬಿಸಿಲು ಪರವಾಗಿಲ್ಲ. ಆಮೇಲೆ ಬೆಳಕು ಬೇಕು, ಬಿಸಿಲು ಬೇಡ.

ಪುತ್ತೂರು:

ಅದು ಸ್ವಲ್ಪ ನಾಜೂಕಿನದ್ದು ಮಾರಾಯ್ರೆ, ಮುಂದಿನ ಸಲ ಡೆಂಡ್ರೋಬಿಯಂ ಅಂತ ಇನ್ನೊಂದು ಜಾತಿಯ ಆರ್ಕಿಡ್ ಉಂಟು, ಅದನ್ನು ತೆಕ್ಕೊಳ್ಳಿ. ನಮ್ಮಲ್ಲಿ ಮಾವಿನ ಮರಕ್ಕೆ ಹಳೇ ಸೀರೆ ಹರಿದು ಕಟ್ಟಿದ್ದು, ಬೇರು ಹಿಡಿದ ಮೇಲೆ ಬಟ್ಟೆ ತಾನಾಗಿ ಕುಂಬಾಯಿತು. ಬೆಳಿಗ್ಗೆ ಮೂರು ಗಂಟೆ ಬಿಸಿಲು ಬೀಳ್ತದೆ, ಅದಕ್ಕೆ ಅಷ್ಟು ಬೇಕು. ನಾನು ಮಾಡಿದ ಒಂದು ತಪ್ಪು ಹೇಳ್ತೇನೆ. ಹೂ ಆದ ಹಳೇ ಕೋಲು, ಅಂದರೆ ಅದರ ದಪ್ಪ ಕಾಂಡ, ಎಲೆ ಉದುರಿ ಸುಕ್ಕಾಗಿತ್ತು, ಸತ್ತಿದೆ ಅಂತ ಎಲ್ಲ ಕತ್ತರಿಸಿದೆ. ಹೊಸ ಚಿಗುರಿಗೆ ಊಟ ಇರುವುದೇ ಅದರಲ್ಲಿ ಅಂತ ಆಮೇಲೆ ಗೊತ್ತಾದ್ದು. ಕೆಲವು ಸಲ ಹಳೇ ಕೋಲಿನಲ್ಲೇ ಮರಿಗಿಡ ಬರ್ತದೆ, ಹೂವೂ ಬರ್ತದೆ. ಹಳದಿಯಾಗಿ ಒಳಗೆ ಪೊಳ್ಳಾದರೆ ಮಾತ್ರ ತೆಗೀರಿ. ಜೂನ್ ನಂತರ ಬಸವನಹುಳು ಜಾಗ್ರತೆ, ಬೇರಿನ ಹಸಿರು ತುದಿಯನ್ನು ರಾತ್ರಿ ಬಂದು ತಿಂದು ಹೋಗ್ತದೆ. ಟಾರ್ಚ್ ಹಿಡಿದು ಹೆಕ್ಕುವುದು ಬಿಟ್ಟರೆ ನನಗೆ ಬೇರೆ ಮದ್ದು ಸಿಕ್ಕಿಲ್ಲ.

ಶಿರಸಿ ಹತ್ತಿರದ ತೋಟದಿಂದ:

ಆರ್ಕಿಡ್ ಅಂದರೆ ಶೋಕಿ ಗಿಡ ಅಂದುಕೊಂಡವರಿಗೆ ಒಂದು ಮಾತು. ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮರದಿಂದ ನರಿಬಾಲದ ಹಾಗೆ ಇಳಿಬೀಳುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಅಸ್ಸಾಮಿನವರಿಗೆ ಅದು ರಾಜ್ಯಪುಷ್ಪ, ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುತ್ತಾರೆ. ನಮ್ಮಲ್ಲಿ ಕೆಲವರು ಬಂದಳಿಕೆ ಎಂದು ಕಿತ್ತೆಸೆಯುತ್ತಾರೆ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ, ಇದು ತೊಗಟೆ ಹಿಡಿದು ಕೂರುತ್ತದೆ ಅಷ್ಟೆ. ಅಂದಹಾಗೆ, 2003-04ರ ಸುಮಾರಿಗೆ ನಾವೆಲ್ಲ ಹುಚ್ಚು ಹಿಡಿದವರಂತೆ ನೆಟ್ಟ ವೆನಿಲ್ಲಾ ಕೂಡ ಆರ್ಕಿಡ್ ಬಳ್ಳಿಯೇ. ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗ ಮುಟ್ಟಿಸುತ್ತಿದ್ದೆವು, ಬೆಲೆ ಕುಸಿದ ಮೇಲೆ ಬಳ್ಳಿಯನ್ನೇ ಮರೆತೆವು. ಒಂದು ವಿನಂತಿ: ಕಾಡಿನಿಂದ ಕಿತ್ತು ತಂದು ಮಾರುವವರ ಹತ್ತಿರ ಕೊಳ್ಳಬೇಡಿ. ಕಾನೂನಿನ ಮಾತು ಹಾಗಿರಲಿ, ಹಾಗೆ ಕಿತ್ತದ್ದು ಪೇಟೆಯ ಬಾಲ್ಕನಿಯಲ್ಲಿ ಬದುಕುವುದೂ ಕಷ್ಟ.

ಕಲಬುರಗಿ:

ನಂದು ಸೋತ ಕಥಿ ರೀ. ಮೇದಾಗ ಇಲ್ಲಿ 42 ಡಿಗ್ರಿ ದಾಟ್ತದ. ಗಿಡಕ್ಕ ತಂಪಿರ್ಲಿ ಅಂತ ಮುಂಜಾನಿ, ಸಂಜಿ ಸ್ಪ್ರೇ ಹೊಡದೆ. ಸುಳಿಯೊಳಗ ನೀರು ನಿಂತು ಕೊಳತು, ಎಲಿ ಹಿಡದ್ರ ಎಲಿನೇ ಕೈಯಾಗ ಬಂತು. ಸುಳಿಯಾಗ ನೀರು ಬಿದ್ರ ಟಿಶ್ಯೂ ಪೇಪರ್ ತುದಿಲೆ ಒರಸ್ರಿ. ಈಗ ಪರಾತದಾಗ ಹರಳು ಹಾಕಿ ನೀರು ಬಿಟ್ಟು, ಹರಳಿನ ಮ್ಯಾಲ ಕುಂಡ ಇಟ್ಟೀನಿ. ಸುತ್ತ ತೇವ ಇರ್ತದ, ಬುಡ ನೀರಾಗ ಇರಂಗಿಲ್ಲ.

ನ್ಯೂಜೆರ್ಸಿ:

ಇಲ್ಲಿನ ಅಂಗಡಿ ಗಿಡಗಳಲ್ಲಿ ವಾರಕ್ಕೆ ಮೂರು ಐಸ್ ತುಂಡು ಇಡಿ ಅಂತ ಚೀಟಿ ಇರತ್ತೆ. ನಾನು ಇಟ್ಟಿದ್ದೀನಿ, ಸಾಯಲಿಲ್ಲ. ನೀರು ಜಾಸ್ತಿ ಆಗದಿರೋಕೆ ಅದೊಂದು ಅಳತೆ, ಅಷ್ಟೇ ಅನ್ಸತ್ತೆ.

ಕೇಳಿದವರು, ಮರುದಿನ:

ತೆಗೆದು ನೋಡಿದೆ. ಹೊರಗಿನ ಪಿಂಗಾಣಿ ಕುಂಡಕ್ಕೆ ತೂತೇ ಇಲ್ಲ, ತಳದಲ್ಲಿ ಮೂರು ಬೆರಳು ನೀರು ನಿಂತಿತ್ತು! ಹನ್ನೊಂದು ಬೇರಲ್ಲಿ ಗಟ್ಟಿ ಇರೋದು ನಾಲ್ಕು. ಹೂ ಬಿಟ್ಟಿದ್ದ ದಂಟು ಇನ್ನೂ ಹಸಿರಿದೆ, ಕತ್ತರಿಸಲಾ? ಗೊಬ್ಬರ?

ಬೆಂಗಳೂರು, ಹದಿನಾಲ್ಕು ಕುಂಡ:

ನಾಲ್ಕು ಬೇರು ಸಾಕು, ಉಳಿಯೋ ಸಾಧ್ಯತೆ ಇದೆ. ಗಿಡ ಚೆನ್ನಾಗಿದ್ದಿದ್ದರೆ ದಂಟಿನ ಎರಡು ಮೂರು ಗಿಣ್ಣು ಬಿಟ್ಟು ಕತ್ತರಿಸಿ ಅಂತಿದ್ದೆ, ಅಲ್ಲಿಂದ ಮತ್ತೆ ಕವಲೊಡೆಯೋದುಂಟು. ಈಗ ಬುಡದ ಹತ್ತಿರವೇ ತೆಗೆದುಬಿಡಿ. ಹೊಸ ಬೇರಿನ ಹಸಿರು ತುದಿ ಕಾಣೋ ತನಕ ಗೊಬ್ಬರ ಬೇಡ. ಆಮೇಲೆ 19:19:19 ಅಂತ ಸಿಗೋ, ನೀರಲ್ಲಿ ಕರಗೋ ಗೊಬ್ಬರದ ಪುಡಿ ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಎಲೆ ಸುಕ್ಕು ಪೂರ್ತಿ ಹೋಗಲ್ಲ, ಹೊಸ ಎಲೆ ನೆಟ್ಟಗೆ ಬಂದರೆ ಗೆದ್ದಿರಿ. ಹೂದಂಟು ಹೊರಡೋಕೆ ರಾತ್ರಿ ತಂಪು ಬೇಕು, ಬೆಂಗಳೂರಿನ ನವೆಂಬರ್, ಡಿಸೆಂಬರ್ ಚಳಿ ಅದಕ್ಕೆ ಸರಿಯಾಗಿದೆ. ಈ ವರ್ಷವೇ ಬರತ್ತೆ ಅಂತ ಮಾತ್ರ ಕಾಯಬೇಡಿ.

ಕೇಳಿದವರು:

ಕತ್ತರಿಸಿದೆ. ದಂಟನ್ನು ಬಿಸಾಡೋಕೆ ಅತ್ತೆ ಬಿಡಲಿಲ್ಲ, ಲೋಟದಲ್ಲಿ ನೀರು ಹಾಕಿ ತುಳಸಿ ಪಕ್ಕ ಇಟ್ಟಿದ್ದಾರೆ.