ಪಿಕಲ್‌ಬಾಲ್ ಮೂರನೇ ಶಾಟ್ ಡ್ರೈವ್: ಒಂದೋ ನೆಟ್‌ಗೆ, ಇಲ್ಲಾ ಬೇಸ್‌ಲೈನ್ ಆಚೆಗೆ

ಬೇಸ್‌ಲೈನ್_ಬಾವ: ಸರ್ವ್, ರಿಟರ್ನ್ ಆದ ಮೇಲಿನ ಶಾಟ್‌ನಲ್ಲಿ ಹತ್ತು ಡ್ರೈವ್ (ತಗ್ಗಾಗಿ ಜೋರು ಹೊಡೆತ) ಹೊಡೆದ್ರೆ ನಾಲ್ಕು ನೆಟ್‌ಗೆ, ಮೂರು ಹೊರಗೆ. ಒಳಗೆ ಬಿದ್ದದ್ದನ್ನೂ ಎದುರಿನವರು ಆರಾಮಾಗಿ ವಾಲಿ ಮಾಡಿ ಕಾಲಬುಡಕ್ಕೆ ಹಾಕ್ತಾರೆ. ಜೋರು ಮಾಡಿದಷ್ಟೂ ಕೆಡ್ತಿದೆ. ತಲೆ ಕೆಟ್ಟೋಗಿದೆ. ಪ್ಯಾಡಲ್ (ಬ್ಯಾಟ್) ಬದಲಾಯಿಸ್ಲಾ?

ಹದಿನಾರು_ಎಂಎಂ: ತೂಕ, ದಪ್ಪ ಏನೂ ಹೇಳಿಲ್ಲ. 220 ಗ್ರಾಂಗಿಂತ ಹಗುರ ಇದ್ರೆ ಅಂಚಿಗೆ ತಗುಲಿದಾಗ ಪ್ಯಾಡಲ್ ಕೈಯಲ್ಲೇ ತಿರುಗುತ್ತೆ. ಗಡಿಯಾರದ 3 ಗಂಟೆ, 9 ಗಂಟೆ ಜಾಗದಲ್ಲಿ, ಅಂದ್ರೆ ಎರಡೂ ಪಕ್ಕ, ತಲಾ 3 ಗ್ರಾಂ ಲೆಡ್ ಟೇಪ್ ಅಂಟಿಸಿ.

ಬೇಸ್‌ಲೈನ್_ಬಾವ: 16 ಎಂಎಂ, ಕಾರ್ಬನ್ ಫೇಸ್. ಟೇಪ್ ಹಾಕಿದ ಮೇಲೆ ಇನ್ನೂ ಹೆಚ್ಚು ಹೊರಗೆ ಹೋಗ್ತಿದೆ.

ಹದಿನಾರು_ಎಂಎಂ: 12 ಗಂಟೆ ಜಾಗದಲ್ಲಿ, ಅಂದ್ರೆ ತುದಿಯಲ್ಲಿ ಹಾಕಿದ್ದೀರಿ ಅನ್ಸುತ್ತೆ. ತಲೆಭಾರ ಆದ್ರೆ ಪ್ಯಾಡಲ್ ತಡವಾಗಿ ಬರುತ್ತೆ. ಇಲ್ಲಾಂದ್ರೆ 14 ಎಂಎಂ ತಗೊಳ್ಳಿ, ಪಾಪ್ (ಚೆಂಡು ಚಿಮ್ಮೋ ಜೋರು) ಜಾಸ್ತಿ.

ಕಿಚನ್_ಕಾವಲು: ಚೆಂಡು ಹೊರಗೆ ಹೋಗ್ತಿದೆ ಅನ್ನೋರಿಗೆ ಇನ್ನೂ ಪಾಪ್ ಯಾಕೆ ಸರ್? ಪ್ಯಾಡಲ್ ವಿಷಯ ಬಿಡಿ. ರಿಟರ್ನ್ ಎಲ್ಲಿ ಬೀಳ್ತಿದೆ? ಯಾವ ಎತ್ತರದಲ್ಲಿ ಹೊಡೀತೀರಿ? ಮೊದಲು ಯಾವ ಆಟ ಆಡ್ತಿದ್ರಿ?

ಬೇಸ್‌ಲೈನ್_ಬಾವ: ಬೇಸ್‌ಲೈನ್‌ಗೆ ಒಂದಡಿ ಒಳಗೆ ಬೀಳುತ್ತೆ. ಮಂಡಿ ಎತ್ತರ, ಕೆಲವು ಸಲ ಅದಕ್ಕೂ ಕೆಳಗೆ. ಎಂಟು ವರ್ಷ ಶಟಲ್. ಅದೂ ಲೆಕ್ಕಕ್ಕೆ ಬರುತ್ತಾ?

ಕಿಚನ್_ಕಾವಲು: ಅದೇ ಮುಖ್ಯ. ಶಟಲ್ 5 ಗ್ರಾಂ ಆಸುಪಾಸು, ಮಣಿಕಟ್ಟು ಜಾಡಿಸಿದ್ರೆ ಸಾಕು. ಈ ಚೆಂಡು 22ರಿಂದ 26 ಗ್ರಾಂ. ಮಣಿಕಟ್ಟು ಜಾಡಿಸೋವಾಗ ಪ್ಯಾಡಲ್ ಮುಖದ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಬೇಗ ತಿರುಗಿದ್ರೆ ಮುಖ ಮುಚ್ಚಿ ನೆಟ್‌ಗೆ, ತಡವಾದ್ರೆ ತೆರೆದು ಹೊರಗೆ. ನಿಮ್ಮ ಎರಡೂ ತಪ್ಪಿಗೆ ಮೂಲ ಒಂದೇ.

ಮಣಿಕಟ್ಟನ್ನ ಹಿಂದಕ್ಕೆ ಬಾಗಿಸಿ ಹಾಗೇ ಇಟ್ಕೊಳ್ಳಿ, ತಿರುವು ಸೊಂಟ-ಭುಜದಿಂದ ಬರಲಿ. ಪ್ಯಾಡಲ್ ಸೊಂಟಕ್ಕಿಂತ ಹಿಂದೆ ಹೋಗೋದು ಬೇಡ. ಮುಂಗಾಲಿಗಿಂತ ಒಂದು ಗೇಣು ಮುಂದೆ ಚೆಂಡು ಸಿಗಬೇಕು. ಚೆಂಡಿನ ಕೆಳಗಿಂದ ಶುರುವಾಗಿ ಎದುರು ಭುಜದ ಹತ್ತಿರ ಮುಗಿಯಲಿ. ವೇಗ 70 ಪರ್ಸೆಂಟ್ ಸಾಕು.

ಸರ್ವ್ ಆದ ತಕ್ಷಣ ಒಳಗೆ ನುಗ್ಗಬೇಡಿ. ರಿಟರ್ನ್ ಪುಟಿದೇ ಏಳಬೇಕಲ್ಲ, ಬೇಸ್‌ಲೈನ್‌ನಿಂದ ಎರಡಡಿ ಹಿಂದೆ ಕಾಯಿರಿ. ಮಂಡಿ ಕೆಳಗೆ ಸಿಕ್ಕಿದ್ದನ್ನ ಡ್ರಾಪ್ ಮಾಡಿ (ನೆಟ್ ದಾಟಿ ಹತ್ತಿರವೇ ಮೆಲ್ಲಗೆ ಬೀಳಿಸಿ), ಸೊಂಟದವರೆಗೆ ಎದ್ದದ್ದನ್ನ ಮಾತ್ರ ಡ್ರೈವ್ ಮಾಡಿ. ನೆಟ್ ನಡುವೆ 34 ಇಂಚು, ಕಂಬದ ಹತ್ತಿರ 36. ನಡುವಿನಿಂದ ಕಳಿಸಿ. ಗುರಿ: ಇನ್ನೂ ಕಿಚನ್ (ನೆಟ್ ಪಕ್ಕದ, ವಾಲಿ ಮಾಡಬಾರದ ಜಾಗ) ಕಡೆ ಓಡ್ತಿರೋರ ಬಲ ಸೊಂಟ. ಬಲಗೈ ಆಟಗಾರರಿಗೆ ಅಲ್ಲಿ ಮೊಣಕೈ ಸಿಕ್ಕಿಹಾಕಿಕೊಳ್ಳುತ್ತೆ.

ಟೀಟಿ_ಸ್ಪಿನ್: ಮಣಿಕಟ್ಟು ಇಲ್ಲದೆ ಟಾಪ್‌ಸ್ಪಿನ್ ಎಲ್ಲಿಂದ ಬರುತ್ತೆ? ತಪ್ಪು ಹೇಳಿಕೊಡ್ತಿದ್ದೀರಿ.

ಕಿಚನ್_ಕಾವಲು: ಸ್ಪಿನ್ ಬರೋದು ಕೆಳಗಿಂದ ಮೇಲಕ್ಕೆ ಉಜ್ಜೋ ದಾರಿಯಿಂದ. ಕೈ ಕುದುರಿದ ಮೇಲೆ ಮಣಿಕಟ್ಟು ಸೇರಿಸಲಿ, ಈಗಲೇ ಬೇಡ.

ಟೀಟಿ_ಸ್ಪಿನ್: ಟೇಬಲ್ ಟೆನಿಸ್‌ನಲ್ಲಿ ಮಣಿಕಟ್ಟು ಬಳಸ್ತಾರಲ್ಲ.

ಕಿಚನ್_ಕಾವಲು: ಅಲ್ಲಿ ಬ್ಯಾಟಿನ ಮೇಲಿನ ರಬ್ಬರ್ ಚೆಂಡನ್ನ ಹಿಡಿಯುತ್ತೆ, ಇಲ್ಲಿ ಗಟ್ಟಿ ಮುಖ. ಬಾವ, ನೆಟ್‌ಗಿಂತ ಒಂದಡಿ ಮೇಲೆ ದಾರ ಕಟ್ಟಿ. ಕೈಯಿಂದ ಚೆಂಡು ಬಿಟ್ಟು, ಪುಟಿದ ಮೇಲೆ ನೆಟ್-ದಾರದ ನಡುವೆ ಇಪ್ಪತ್ತು ಹೊಡೀರಿ. ಹದಿನೈದು ದಾಟೋವರೆಗೆ ವೇಗ ಏರಿಸಬೇಡಿ.

ಹದಿನಾರು_ಎಂಎಂ: ನನ್ನದು 16 ಎಂಎಂ, ಎರಡು ಓವರ್‌ಗ್ರಿಪ್ (ಹಿಡಿಗೆ ಸುತ್ತೋ ಪಟ್ಟಿ), ಒಟ್ಟು 238 ಗ್ರಾಂ. ಡ್ರೈವ್ ಕಲ್ಲಿನ ಹಾಗೆ ಹೋಗುತ್ತೆ.

ಬೇಸ್‌ಲೈನ್_ಬಾವ: ದಾರ ಕಟ್ಟಿದೆ. ಮೊದಲ ಇಪ್ಪತ್ತರಲ್ಲಿ ಒಂಬತ್ತು, ಮೂರನೇ ಸುತ್ತಿಗೆ ಹದಿನಾಲ್ಕು. ಫೋರ್‌ಹ್ಯಾಂಡ್ ನೆಟ್‌ಗೆ ಹೋಗೋದು ನಿಂತಿದೆ. ಬ್ಯಾಕ್‌ಹ್ಯಾಂಡ್ ಮಾತ್ರ ಹಾಗೇ ಇದೆ. ಅದಕ್ಕೆ ಎರಡು ಕೈ ಹಾಕ್ಲಾ?

ಹದಿನಾರು_ಎಂಎಂ: ಹಿಡಿ ಎಷ್ಟು ಉದ್ದ? ಐದೂವರೆ ಇಂಚು ಇಲ್ಲದಿದ್ರೆ ಎರಡು ಕೈ ಕೂರೋದು ಕಷ್ಟ.